ಮಾತಿನ ಮರ್ಮ: ‘ಭವ್ಯ’ ಎಂಬ ಮಾತು

ತಿಂಗಳಿಗೊಂದು ಮಾತನ್ನು ಹಿಡಿದು ಅದರ ಹುಟ್ಟು, ನಡೆ, ನೆಂಟಸ್ತಿಕೆಗಳನ್ನು ವಿಚಾರಿಸುವುದು ಈ ಪುಟದ ಪದ್ಧತಿಯಷ್ಟೆ. ಮಾತನ್ನು ಆರಿಸಿಕೊಳ್ಳತಕ್ಕವನು ಎಂದಿನಂತೆ ನಾನು. ಈ ಸಲ ಮಾತ್ರ ಮಾತೇ ನನ್ನನ್ನು ಹುಡುಕಿಕೊಂಡು ಜಗಲಿಯವರೆಗೆ ಬಂದಿತು. ಬಂದು, ತೀರಿಸದೆ ಉಳಿದಿದ್ದ ಒಂದು ಹಳೆಯ ಸಾಲವನ್ನು ಜ್ಞಾಪಿಸಿ ಹೋಯಿತು.

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ಸ್ನಾನಾಹ್ನಿಕಗಳನ್ನು ಮುಗಿಸಿ ಕುಳಿತಿದ್ದೆನು. ನನ್ನ ಹಳೆಯ ಶಿಷ್ಯನೊಬ್ಬನು ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದನು. ಹೆಂಡತಿಯ ಮಡಿಲಲ್ಲಿ ಮೂರು ತಿಂಗಳ ಹೆಣ್ಣುಕೂಸು. ಅವನಿಗೆ ಈಗ ಮೂವತ್ತೈದು ವರ್ಷ. ರೈತರ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವ ಅಂಗಡಿಯನ್ನು ಇಟ್ಟುಕೊಂಡಿದ್ದಾನೆ. ಮಗುವಿನ ನಾಮಕರಣಕ್ಕೆ ಕರೆಯುವುದಕ್ಕಾಗಿ ಬಂದಿದ್ದರು. “ಭವ್ಯ ಅಂತ ಹೆಸರಿಡೋಣ ಎಂದಿದ್ದೇವೆ, ಮೇಷ್ಟ್ರೇ. ಅಮ್ಮ ಅರ್ಥ ಕೇಳುತ್ತಾರೆ. ತಮ್ಮ ಬಾಯಿಂದಲೇ ಕೇಳಲಿ ಎಂದು ಕರೆದುಕೊಂಡು ಬಂದೆ” ಎಂದನು.

ಉಪಾಧ್ಯಾಯನಾಗಿದ್ದವನಿಗೆ ಉತ್ತರವು ನಾಲಗೆಯ ತುದಿಯಲ್ಲಿಯೇ ಇರುತ್ತದೆ. “ನೋಡಿದವರ ಮನಸ್ಸು ಬೆರಗಾಗಿ ತಲೆ ತಾನಾಗಿಯೇ ಬಾಗುವಂಥ ದೊಡ್ಡ ಸೌಂದರ್ಯಕ್ಕೆ ಭವ್ಯ ಎಂದು ಹೆಸರು. ಹಿಮಾಲಯ ಭವ್ಯ, ಸಮುದ್ರ ಭವ್ಯ, ಜೋಗದ ಜಲಪಾತ ಭವ್ಯ” ಎಂದೆನು. ಆ ತಾಯಿ ಸೊಸೆಯ ಮಡಿಲಲ್ಲಿ ಮುಷ್ಟಿ ಬಿಗಿದು ಮಲಗಿದ್ದ ಕೂಸನ್ನು ಒಂದು ಗಳಿಗೆ ನೋಡಿದರು. “ಅಷ್ಟು ದೊಡ್ಡ ಮಾತನ್ನ ಈ ಬೊಗಸೆಯಷ್ಟು ಕೂಸು ಹೆಂಗೆ ಹೊತ್ತೀತು, ಮೇಷ್ಟ್ರೇ?” ಎಂದು ಕೇಳಿದರು. ನನಗೆ ಉತ್ತರ ತೋರಲಿಲ್ಲ. ಕೋಶಗಳನ್ನು ನೋಡಿ ನಾಮಕರಣದ ದಿನ ಹೇಳುವೆನೆಂದು ಒಪ್ಪಿಕೊಂಡೆನು.

ಹೊರಟು ನಿಂತಾಗ ಶಿಷ್ಯನು ನಗುತ್ತಲೇ ಒಂದು ಮಾತನ್ನು ಆಡಿದನು: “ಆ ಮಾತಿಗೆ ತಾವು ಒಂದು ಸಲ ಕೆಂಪು ಗೀಟು ಎಳೆದಿದ್ದಿರಿ, ಮೇಷ್ಟ್ರೇ. ತಮಗೆ ಮರೆತಿರಬೇಕು.” ಮರೆತಿದ್ದುದು ನಿಜ. ಅವನು ಗೇಟನ್ನು ದಾಟುವುದರೊಳಗೆ ಎಲ್ಲವೂ ನೆನಪಾಯಿತು.

ಇಪ್ಪತ್ತಮೂರು ವರ್ಷಗಳ ಹಿಂದೆ ಏಳನೆಯ ತರಗತಿಗೆ ‘ನಾನು ಕಂಡ ಭವ್ಯ ದೃಶ್ಯ’ ಎಂಬ ಪ್ರಬಂಧವನ್ನು ಕೊಟ್ಟಿದ್ದೆನು. ಹುಡುಗರು ಬರೆದು ತಂದುದೆಲ್ಲ ಜೋಗ, ಗೋಳಗುಮ್ಮಟ, ಹಿಮಾಲಯ. ಇವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡವನು ಆ ತರಗತಿಯಲ್ಲಿ ಇರಲಿಲ್ಲ. ಪಾಠದ ಪುಸ್ತಕದ ವಾಕ್ಯಗಳನ್ನು ಹಿಂದುಮುಂದು ಮಾಡಿ ಬರೆದಿದ್ದರು. ಈ ಹುಡುಗನೊಬ್ಬನು ಮಾತ್ರ ಬೇರೆ ಬರೆದಿದ್ದನು. ಮಳೆಗಾಲದ ಒಂದು ರಾತ್ರಿ ಅವರ ಮನೆಯ ಹಿಂದಿನ ಮಣ್ಣುಗೋಡೆ ಕುಸಿದಿತ್ತು. ತಾಯಿ ಮಕ್ಕಳನ್ನು ಎಬ್ಬಿಸಿ ಹೊರಗೆ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಕಂದೀಲು ಹಿಡಿದು ಮತ್ತೆ ಒಳಗೆ ಹೋದಳು. ಉಳಿದ ಗೋಡೆಯೂ ಬೀಳುತ್ತಿರುವಾಗ ಕೊಟ್ಟಿಗೆಯಿಂದ ಎಳೆಗರುವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಳು. ಮಳೆಯಲ್ಲಿ, ಕಂದೀಲಿನ ಬೆಳಕಿನಲ್ಲಿ, ಕರುವನ್ನು ಹೊತ್ತು ಬರುತ್ತಿದ್ದ ಅಮ್ಮನನ್ನು ಕಂಡು ತನಗೆ ಹೆದರಿಕೆಯೂ ಸಂತೋಷವೂ ಒಟ್ಟಿಗೆ ಆದುವೆಂದೂ, ಆಗ ಅಮ್ಮ ಭವ್ಯವಾಗಿ ಕಂಡಳೆಂದೂ ಹುಡುಗನು ಬರೆದಿದ್ದನು.

ನಾನು ಮಾಡಿದುದೇನು? ‘ಭವ್ಯ’ ಎಂಬ ಮಾತಿಗೆ ಕೆಂಪು ಗೀಟು ಎಳೆದು, “ಪ್ರಯೋಗ ತಪ್ಪು. ಪರ್ವತ, ಸಮುದ್ರ, ಅರಮನೆ ಮೊದಲಾದ ದೊಡ್ಡ ವಸ್ತುಗಳಿಗೆ ಸಲ್ಲುತ್ತದೆ, ಮನೆಯವರಿಗೆ ಸಲ್ಲದು” ಎಂದು ಪಕ್ಕದಲ್ಲಿ ಬರೆದು, ಹತ್ತಕ್ಕೆ ಎರಡು ಅಂಕಗಳನ್ನು ಕೊಟ್ಟೆನು. ಅಷ್ಟಕ್ಕೇ ನಿಲ್ಲಿಸಲಿಲ್ಲ. ತರಗತಿಯಲ್ಲಿ ಅದನ್ನು ಓದಿದೆನು, ಹುಡುಗರು ನಕ್ಕರು. “ಇವನು ಬೇಯದ ಕಾಳು” ಎಂದು ನಾನೂ ಒಂದು ಮಾತನ್ನು ಸೇರಿಸಿದೆನು. ಮಂದರೆಂದು ತೋರಿದ ಹುಡುಗರನ್ನು ಹಾಗೆ ಕರೆಯುವುದು ಆಗ ನನ್ನ ವಾಡಿಕೆಯಾಗಿತ್ತು. ಅಲ್ಲಿಂದ ಮುಂದೆ ಆ ಹುಡುಗನು ಸ್ವಂತವಾಗಿ ಪ್ರಬಂಧವನ್ನು ಬರೆಯಲಿಲ್ಲ. ಪುಸ್ತಕದಿಂದ ಇಳಿಸಿಕೊಂಡು ಬರುತ್ತಿದ್ದನು. ಅದಕ್ಕೆ ನಾನು ಆರು, ಏಳು ಅಂಕಗಳನ್ನು ಕೊಡುತ್ತಿದ್ದೆನು.

ಈ ನೆನಪಿನೊಡನೆ ಕೋಶಗಳನ್ನು ಬಿಚ್ಚಿದವನ ಮನಸ್ಸು ಹೇಗಿದ್ದಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಮಾತಿನ ಅರ್ಥವನ್ನು ಹುಡುಕುವುದಕ್ಕಿಂತ ಹೆಚ್ಚಾಗಿ, ತಪ್ಪು ಯಾರದೆಂಬುದನ್ನು ಹುಡುಕುತ್ತಿದ್ದೆನು.

ವ್ಯಾಕರಣದಿಂದ ಪ್ರಾರಂಭಿಸೋಣ. ಭೂ ಎಂಬುದು ಧಾತು. ಆಗು, ಇರು ಎಂದು ಅದರ ಅರ್ಥ. ನಾವು ಮನೆಗಳಲ್ಲಿ ದಿನವೂ ಆಡುವ ಅನುಭವ, ಸಂಭವ, ಪ್ರಭಾವ, ಭಾವ, ಭವಿಷ್ಯ ಎಂಬ ಮಾತುಗಳೆಲ್ಲ ಈ ಒಂದು ಧಾತುವಿನ ಮಕ್ಕಳು. ಇದರ ಮೇಲೆ ಯತ್ ಎಂಬ ಪ್ರತ್ಯಯವು ಬಂದು, ಊಕಾರಕ್ಕೆ ಗುಣವಾಗಿ ಭೋ ಎಂದಾಗಿ, ಓಕಾರವು ಅವ್ ಎಂದು ಮಾರ್ಪಟ್ಟು ಭವ್ಯ ಎಂಬ ರೂಪವು ಸಿದ್ಧಿಸುತ್ತದೆ. ಈ ಜಾತಿಯ ಪ್ರತ್ಯಯಗಳಿಗೆ ಕೃತ್ಯಗಳೆಂದು ಹೆಸರು. ಪೇಯವೆಂದರೆ ಕುಡಿಯತಕ್ಕದ್ದು, ದೇಯವೆಂದರೆ ಕೊಡತಕ್ಕದ್ದು, ಗೇಯವೆಂದರೆ ಹಾಡತಕ್ಕದ್ದು. ಹಾಗೆಯೇ ಭವ್ಯವೆಂದರೆ ಆಗತಕ್ಕದ್ದು, ಆಗಬೇಕಾದದ್ದು. ಇದರಲ್ಲಿ ಎತ್ತರದ ಮಾತಿಲ್ಲ, ಅಗಲದ ಮಾತಿಲ್ಲ, ಸೌಂದರ್ಯದ ಮಾತೂ ಇಲ್ಲ.

ಇಷ್ಟರಮೇಲೆ ಪಾಣಿನಿಮಹರ್ಷಿಗಳು ಒಂದು ಸೂಕ್ಷ್ಮವನ್ನು ಹೇಳಿದ್ದಾರೆ. ಕೃತ್ಯಪ್ರತ್ಯಯಗಳು ಸಾಮಾನ್ಯವಾಗಿ ಕ್ರಿಯೆಯನ್ನೋ, ಕ್ರಿಯೆಗೆ ಒಳಗಾಗುವ ವಸ್ತುವನ್ನೋ ಹೇಳತಕ್ಕವು, ಮಾಡುವವನನ್ನು ಹೇಳತಕ್ಕವಲ್ಲ. ಆದರೆ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಏಳು ಮಾತುಗಳನ್ನು ಹೆಸರಿಸಿ, ಇವು ಕರ್ತೃವನ್ನೂ ಹೇಳಬಹುದೆಂದು ವಿಧಿಸಿದ್ದಾರೆ. ಆ ಏಳರಲ್ಲಿ ಮೊದಲನೆಯದೇ ಭವ್ಯ, ಎರಡನೆಯದು ಗೇಯ. ಆದುದರಿಂದ ಗೇಯವೆಂದರೆ ಹಾಡತಕ್ಕ ಹಾಡೂ ಹೌದು, ಹಾಡುವ ಬಾಲಕನೂ ಹೌದು. ಭವ್ಯವೆಂದರೆ ಆಗಬೇಕಾದ ವಿಷಯವೂ ಹೌದು, ಆಗತಕ್ಕ ವ್ಯಕ್ತಿಯೂ ಹೌದು. ಹುಡುಗನ ನೋಟುಪುಸ್ತಕದ ಮೇಲೆ ‘ಮನೆಯವರಿಗೆ ಸಲ್ಲದು’ ಎಂದು ಬರೆದ ಪಂಡಿತನು ಈ ಸೂತ್ರವನ್ನು ಬಾಯಿಪಾಠ ಮಾಡಿದ್ದವನೇ. ಬಾಯಿಗೆ ಬಂದದ್ದು ಬುದ್ಧಿಗೆ ಬಂದಿರಲಿಲ್ಲ.

ಇನ್ನು ನಮ್ಮ ಮನೆಗಳಲ್ಲಿಯೇ ಇರುವ ಪ್ರಮಾಣವನ್ನು ನೋಡಿರಿ. ವಿಷ್ಣುಸಹಸ್ರನಾಮವನ್ನು ಪಾರಾಯಣ ಮಾಡುವ ಗೃಹಸ್ಥರು ನಾಲ್ಕನೆಯ ನಾಮದಲ್ಲಿಯೇ ಈ ಮಾತನ್ನು ಉಚ್ಚರಿಸುತ್ತಾರೆ: ಭೂತಭವ್ಯಭವತ್ಪ್ರಭು. ಭೂತ ಆಗಿಹೋದದ್ದು, ಭವತ್ ಆಗುತ್ತಿರುವುದು, ಭವ್ಯ ಮುಂದೆ ಆಗತಕ್ಕದ್ದು. ಮೂರು ಕಾಲಗಳಿಗೂ ಒಡೆಯನೆಂದು ಅರ್ಥ. ಇಲ್ಲಿ ಭವ್ಯವೆಂದರೆ ಬರಲಿರುವ ಕಾಲವೇ ಹೊರತು ಬೇರೆಯಲ್ಲ. ದಿನವೂ ದೇವರ ಮುಂದೆ ಒಂದು ಅರ್ಥದಲ್ಲಿ ಈ ಮಾತನ್ನು ಆಡಿ, ಬೀದಿಗೆ ಬಂದೊಡನೆ ಬೇರೊಂದು ಅರ್ಥದಲ್ಲಿ ಆಡುತ್ತಿರುವುದನ್ನು ನಾವು ಗಮನಿಸುವುದೇ ಇಲ್ಲ.

ಅಮರಸಿಂಹನು ತನ್ನ ಕೋಶದ ಪ್ರಥಮಕಾಂಡದಲ್ಲಿ ಮಂಗಳ, ಶುಭ, ಕಲ್ಯಾಣ, ಕುಶಲ, ಕ್ಷೇಮ ಎಂಬ ಮಾತುಗಳ ಸಾಲಿನಲ್ಲಿಯೇ ಭವ್ಯವನ್ನು ಇಟ್ಟಿದ್ದಾನೆ. ಆಗಬೇಕಾದದ್ದು ಯಾವುದೋ ಅದು ಯೋಗ್ಯ, ಯೋಗ್ಯವಾದದ್ದು ಶುಭ, ಹೀಗೆ ಅರ್ಥವು ಒಂದೊಂದೇ ಮೆಟ್ಟಿಲನ್ನು ಹತ್ತಿದೆ. ‘ಭವ್ಯವಾಗಲಿ’ ಎಂದು ಹರಸಿದರೆ ಪೂರ್ವಕಾಲದವನಿಗೆ ‘ಒಳ್ಳೆಯದಾಗಲಿ’ ಎಂದು ಕೇಳಿಸುತ್ತಿದ್ದಿತೇ ಹೊರತು, ‘ದೊಡ್ಡದಾಗಲಿ’ ಎಂದಲ್ಲ. ವೈದ್ಯಗ್ರಂಥಗಳಲ್ಲಿ ಭವ್ಯವೆಂಬುದು ಒಂದು ಹಣ್ಣು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹಣ್ಣುಗಳ ಗುಣಗಳನ್ನು ಹೇಳುವಲ್ಲಿ ಅದರ ಹೆಸರಿದೆ: ಸಿಹಿ, ಹುಳಿ, ಒಗರು ಬೆರೆತದ್ದು, ಬಾಯನ್ನು ಶುದ್ಧಿಮಾಡತಕ್ಕದ್ದು. ಆನೆಗಳಿಗೆ ಪ್ರಿಯವೆಂದು ಪ್ರಸಿದ್ಧವಾದ ದೊಡ್ಡ ಕಾಡುಹಣ್ಣೇ ಇದೆಂದು ಬಹುಮಂದಿ ಹೇಳುತ್ತಾರೆ. ಆ ಹಣ್ಣಿನಲ್ಲಿ ಒಂದು ವಿಶೇಷವುಂಟು. ಮೊಗ್ಗನ್ನು ಸುತ್ತಿ ಕಾಪಾಡಿದ ಹಸುರು ಪುಷ್ಪಪತ್ರಗಳು ಹೂವು ಉದುರಿದ ಮೇಲೂ ಬೀಳುವುದಿಲ್ಲ. ಮತ್ತೆ ಮುಚ್ಚಿಕೊಂಡು, ದಪ್ಪವಾಗಿ ಬೆಳೆದು, ತಾವೇ ತಿನ್ನುವ ತಿರುಳಾಗುತ್ತವೆ.

ಈ ಮಾತಿಗೆ ಎಲ್ಲಕ್ಕಿಂತ ಆಳವಾದ ಅರ್ಥವನ್ನು ಕೊಟ್ಟವರು ಜೈನಾಚಾರ್ಯರು. ಕನ್ನಡನಾಡಿನಲ್ಲಿ ಈ ಮಾತು ಮೊದಲು ಬೇರೂರಿದುದೂ ಅವರ ಮೂಲಕವೇ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಭವ್ಯತ್ವ, ಅಭವ್ಯತ್ವ ಎಂಬ ಎರಡನ್ನು ಹೇಳಿದೆ. ಮೋಕ್ಷಮಾರ್ಗಕ್ಕೆ ತಿರುಗುವ ಯೋಗ್ಯತೆಯುಳ್ಳ ಜೀವನು ಭವ್ಯ. ಆ ಯೋಗ್ಯತೆಯಿಲ್ಲದವನು ಅಭವ್ಯ. ಸ್ವತಃ ದೊಡ್ಡ ವೈಯಾಕರಣರಾಗಿದ್ದ ಪೂಜ್ಯಪಾದರು ಈ ಸೂತ್ರಗಳಿಗೆ ಬರೆದ ಸರ್ವಾರ್ಥಸಿದ್ಧಿಯಲ್ಲಿ, ಸಮ್ಯಗ್ದರ್ಶನವೇ ಮೊದಲಾದ ಭಾವದಿಂದ ಮುಂದೆ ಆಗುವವನೇ ಭವ್ಯನೆಂದು ವಿವರಿಸಿದ್ದಾರೆ. ನೋಡಿರಿ, ಆಗತಕ್ಕದ್ದು ಎಂಬ ಕಾಲದ ಅರ್ಥವೂ, ಆಗತಕ್ಕವನು ಎಂಬ ಕರ್ತೃವಿನ ಅರ್ಥವೂ ಇಲ್ಲಿ ಒಂದಾಗಿ ಕೂಡಿಕೊಂಡಿವೆ. ಭವ್ಯನು ಈಗಾಗಲೇ ದೊಡ್ಡವನಾದವನಲ್ಲ. ಇಂದು ಬಡವನಾಗಿರಬಹುದು, ಅಜ್ಞನಾಗಿರಬಹುದು. ಅವನೊಳಗೆ ಒಂದು ಆಗುವಿಕೆಯು ಕಾದಿರುತ್ತದೆ, ಅಷ್ಟೆ. ಶ್ರಾವಕ ಶ್ರಾವಕಿಯರನ್ನು ಒಟ್ಟಾಗಿ ಭವ್ಯಜನರೆಂದು ಹಳಗನ್ನಡದ ಜೈನಕವಿಗಳೂ ಶಾಸನಕಾರರೂ ಕರೆದುದು ಈ ಅರ್ಥದಲ್ಲಿಯೇ.

ವೀರಶೈವರ ಬಳಕೆಯಲ್ಲಿ ಇದೇ ಧಾತುವಿನಿಂದ ಬಂದ ಭವಿ ಎಂಬ ಮಾತಿರುವುದನ್ನು ವಾಚಕರು ಬಲ್ಲರು. ಭವದ ಬಂಧನದಲ್ಲಿ ಉಳಿದವನು ಭವಿ. ಭಕ್ತನಿಗೆ ಎದುರು ಮಾತು. ಒಂದೇ ತಾಯಿಯ ಮಕ್ಕಳಾದ ಈ ಎರಡು ಮಾತುಗಳಲ್ಲಿ ಒಂದು ಭವದಲ್ಲಿ ನಿಂತವನನ್ನೂ, ಇನ್ನೊಂದು ಭವವನ್ನು ದಾಟಬಲ್ಲವನನ್ನೂ ಹೇಳುತ್ತ ಕನ್ನಡದ ಎರಡು ಮನೆಗಳಲ್ಲಿ ಬಾಳಿವೆ.

ಅಭವ್ಯನನ್ನು ವಿವರಿಸಲು ಶಾಸ್ತ್ರದಲ್ಲಿ ಹೇಳುವ ಹೋಲಿಕೆಯನ್ನು ಓದಿದಾಗ ನನ್ನ ಕೈ ಪುಸ್ತಕದ ಮೇಲೆಯೇ ನಿಂತುಹೋಯಿತು. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಜೀವರ ಶುದ್ಧಿ ಅಶುದ್ಧಿಗಳ ಶಕ್ತಿಯನ್ನು ಬೇಯುವ, ಬೇಯದ ಶಕ್ತಿಗಳಿಗೆ ಹೋಲಿಸಿದ್ದಾರೆ. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯ ಮೇಲೆ ಕಾಳನ್ನು ಬೇಯಲಿಟ್ಟರೆ ಹೆಚ್ಚಿನವು ಮೆತ್ತಗಾಗುತ್ತವೆ. ಎಲ್ಲೋ ಒಂದು ಕಾಳು ಎಷ್ಟು ಕುದಿಸಿದರೂ ಕಲ್ಲಾಗಿಯೇ ಉಳಿಯುತ್ತದೆ. ಅಡುಗೆಯ ಮನೆಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಬೇಯದ ಕಾಳು! ಹನ್ನೆರಡು ವರ್ಷದ ಹುಡುಗನಿಗೆ ನಾನು ಎಲ್ಲರೆದುರಿಗೆ ಕೊಟ್ಟ ಹೆಸರು ಅದೇ. ಆದರೆ ಶಾಸ್ತ್ರವು ಇನ್ನೊಂದು ಮಾತನ್ನೂ ಹೇಳುತ್ತದೆ. ಯಾವ ಜೀವನು ಭವ್ಯ, ಯಾವನು ಅಭವ್ಯ ಎಂಬುದನ್ನು ಸರ್ವಜ್ಞರಾದ ಕೇವಲಿಗಳಲ್ಲದೆ ಇತರರು ನಿರ್ಣಯಿಸಲಾರರು. ಆ ನಿರ್ಣಯವನ್ನು ನಾನು ಒಂದು ನಲವತ್ತು ನಿಮಿಷದ ಪಾಠದ ನಡುವೆ, ಕೈಯಲ್ಲಿ ಸೀಮೆಸುಣ್ಣವನ್ನು ಹಿಡಿದುಕೊಂಡು ಮಾಡಿದ್ದೆನು.

ಈ ಯೋಚನೆಗಳು ತಲೆಯಲ್ಲಿ ತಿರುಗುತ್ತಿರುವಾಗಲೇ, ಹಾಸನದ ಕಡೆ ಒಂದು ಮದುವೆಗೆ ಹೋದವನು ಶ್ರವಣಬೆಳಗೊಳಕ್ಕೂ ಹೋದೆನು. ಊರಿನೊಳಗಿನ ಭಂಡಾರಿ ಬಸದಿಯನ್ನು ಮೊದಲು ನೋಡಿದೆನು. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ, ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ ಅದು. ಹುಳ್ಳನಿಗೆ ಸಮ್ಯಕ್ತ್ವಚೂಡಾಮಣಿ ಎಂಬ ಬಿರುದಿದ್ದಿತು. ಬಸದಿಯನ್ನು ಕಂಡು ಸಂತೋಷಪಟ್ಟ ನರಸಿಂಹನು ಅದಕ್ಕೆ ಭವ್ಯಚೂಡಾಮಣಿ ಎಂದು ಹೆಸರಿಟ್ಟು ಗ್ರಾಮವನ್ನು ದತ್ತಿ ಬಿಟ್ಟನೆಂದು ಶಾಸನವು ಹೇಳುತ್ತದೆ. ಈಗಿನ ಕಾಲದವರು ಆ ಹೆಸರನ್ನು ಕೇಳಿದರೆ ‘ಬಹು ದೊಡ್ಡ ಕಟ್ಟಡ’ ಎಂದು ತಿಳಿದಾರು. ರಾಜನ ಮನಸ್ಸಿನಲ್ಲಿದ್ದುದು ಕಟ್ಟಡದ ಉದ್ದಗಲಗಳಲ್ಲ. ಅಲ್ಲಿಗೆ ಬಂದು ಕೈಮುಗಿಯುವ ಭವ್ಯಜನರಿಗೆ ಅದು ತಲೆಯ ಮಣಿಯೆಂಬ ಭಾವ.

ಅಲ್ಲಿಂದ ಬೆಟ್ಟವನ್ನು ಹತ್ತಿದೆನು. ಅರವತ್ತರ ಮೊಳಕಾಲುಗಳು ಮೂರು ಕಡೆ ಕುಳ್ಳಿರಿಸಿದುವು. ಗಂಗರ ಮಂತ್ರಿಯಾದ ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ, ಐವತ್ತೆಂಟು ಅಡಿ ಎತ್ತರದ ಗೊಮ್ಮಟನ ಮುಂದೆ ಯಾತ್ರಿಕರು ನೆರೆದಿದ್ದರು. ನನ್ನ ಪಕ್ಕದಲ್ಲಿದ್ದ ಒಬ್ಬರು “ಎಷ್ಟು ಭವ್ಯ!” ಎಂದು ಉದ್ಗರಿಸಿದರು. ಕೆಳಗಿನ ಬಸದಿಯ ಹೆಸರಿನಲ್ಲಿ ಹಳೆಯ ಅರ್ಥ. ಬೆಟ್ಟದ ಮೇಲೆ ಯಾತ್ರಿಕನ ಬಾಯಲ್ಲಿ ಹೊಸ ಅರ್ಥ. ಒಂದೇ ಮಾತಿನ ಎರಡು ತುದಿಗಳನ್ನು ಒಂದೇ ಊರಿನಲ್ಲಿ ಕಂಡಂತಾಯಿತು. ಸುಮಾರು 1180ರ ಬೊಪ್ಪಣ ಪಂಡಿತನ ಕನ್ನಡ ಶಾಸನವು ಇಲ್ಲಿಯೇ ಇದೆ. ಅದರಲ್ಲಿ ಅವನು ಮಾಡಿರುವ ವಿಚಾರವು ಬಹು ಸ್ವಾರಸ್ಯವಾಗಿದೆ. ಬಹಳ ಎತ್ತರವಾದುದಕ್ಕೆ ಸೌಂದರ್ಯವಿರುವುದಿಲ್ಲ. ಎತ್ತರವೂ ಸೌಂದರ್ಯವೂ ಕೂಡಿದರೂ ಅತಿಶಯವಿರುವುದಿಲ್ಲ. ಈ ಮೂರ್ತಿಯಲ್ಲಿ ಮೂರೂ ನೆಲಸಿವೆ ಎಂಬುದು ಅವನ ಅಭಿಪ್ರಾಯ. ಭವ್ಯ ಎಂಬ ಮಾತನ್ನು ಅವನು ಆ ಪದ್ಯದಲ್ಲಿ ಬಳಸಿಲ್ಲ. ಆದರೆ ಇಂದು ನಾವು ಭವ್ಯವೆಂದು ಯಾವುದನ್ನು ಕರೆಯುತ್ತೇವೋ ಅದರ ಲಕ್ಷಣವನ್ನು ಎಂಟುನೂರು ವರ್ಷಗಳ ಹಿಂದೆಯೇ ಬಿಡಿಸಿ ಇಟ್ಟಿದ್ದಾನೆ. ಎತ್ತರವನ್ನು ಅಳೆಯಬಹುದು, ಸೌಂದರ್ಯವನ್ನು ಕಣ್ಣಿನಿಂದ ಕಾಣಬಹುದು. ಆ ಮೂರನೆಯದು ಯಾವುದು?

ಹೊಸಗನ್ನಡದ ವಿಮರ್ಶಕರು ಇಂಗ್ಲಿಷಿನ ಸಬ್ಲೈಮ್ ಎಂಬ ಮಾತಿಗೆ ಸಮನಾಗಿ ಭವ್ಯ, ಉದಾತ್ತ ಎಂಬ ಮಾತುಗಳನ್ನು ಬಳಸಿದರು. ಉದಾತ್ತವೆಂಬುದು ವೇದಪಾಠದ ಎತ್ತರದ ಸ್ವರ. ಆ ಮಾತಿನ ಕಥೆಯು ಬೇರೆ. ಪಾಶ್ಚಾತ್ಯರಲ್ಲಿ ಬರ್ಕ್ ಎಂಬ ಪಂಡಿತನು 1757ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಅನುಭವದ ಮೂಲವು ಭಯವೆಂದೂ, ಅಪಾಯವು ನಮ್ಮನ್ನು ಮುಟ್ಟದಷ್ಟು ದೂರದಲ್ಲಿರುವಾಗ ಆ ಭಯವೇ ಒಂದು ಬಗೆಯ ಸಂತೋಷವಾಗುವುದೆಂದೂ ವಾದಿಸಿದನು. 1790ರಲ್ಲಿ ಜರ್ಮನಿಯ ತತ್ತ್ವಜ್ಞನಾದ ಕಾಂಟನು ಇನ್ನೂ ಮುಂದಕ್ಕೆ ಹೋಗಿ, ಭವ್ಯತೆಯನ್ನು ಬೆಟ್ಟದಲ್ಲಿಯೂ ಸಮುದ್ರದಲ್ಲಿಯೂ ಹುಡುಕತಕ್ಕದ್ದಲ್ಲ, ನೋಡುವವನ ಮನಸ್ಸಿನಲ್ಲಿ ಹುಡುಕತಕ್ಕದ್ದು ಎಂದನು. ನಮ್ಮ ಆಲಂಕಾರಿಕರೂ ಇದಕ್ಕೆ ದೂರವಾದವರಲ್ಲ. ಸಾಹಿತ್ಯದರ್ಪಣದ ವಿಶ್ವನಾಥನು ಚಮತ್ಕಾರವೆಂದರೆ ಚಿತ್ತವು ವಿಸ್ತಾರಗೊಳ್ಳುವುದು, ವಿಸ್ಮಯವೆಂಬುದು ಅದರದೇ ಇನ್ನೊಂದು ಹೆಸರು ಎಂದಿದ್ದಾನೆ. ದೊಡ್ಡದಾಗುವುದು ವಸ್ತುವಲ್ಲ, ಚಿತ್ತ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡ ಅರ್ಜುನನಿಗೆ ಹರ್ಷವೂ ಭಯವೂ ಏಕಕಾಲದಲ್ಲಿ ಉಂಟಾಗುತ್ತವೆ. ಎಂದಿನ ಸೌಮ್ಯರೂಪವನ್ನೇ ಮತ್ತೆ ತೋರಿಸೆಂದು ಬೇಡಿಕೊಳ್ಳುತ್ತಾನೆ.

ಬೊಪ್ಪಣನ ಮೂರನೆಯ ಗುಣವನ್ನು ಭಕ್ತರು ತಮ್ಮ ಶ್ರದ್ಧೆಗೆ ತಕ್ಕಂತೆ ವಿವರಿಸಿಕೊಳ್ಳಲಿ. ಗೊಮ್ಮಟನ ಪಾದದ ಬಳಿ ನಿಂತ ನನಗೆ ತೋರಿದುದು ಇಷ್ಟು. ಬಾಹುಬಲಿಯು ಅಣ್ಣನನ್ನು ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ಬಿಟ್ಟು ನಿಂತವನು. ಹುತ್ತಗಳು ಬೆಳೆದು ಬಳ್ಳಿಗಳು ಹಬ್ಬುವವರೆಗೆ ನಿಂತವನು. ಅವನನ್ನು ನೋಡುತ್ತಿರುವಾಗ ‘ನಾನು ಚಿಕ್ಕವನು’ ಎಂದು ಮಾತ್ರ ಅನ್ನಿಸಲಿಲ್ಲ. ‘ಮನುಷ್ಯನು ಹೀಗೂ ಆಗಬಲ್ಲನು’ ಎಂದು ಅನ್ನಿಸಿತು. ಆಗತಕ್ಕದ್ದು ಎಂಬ ಧಾತುವಿನ ಅರ್ಥವೂ, ಬೆರಗುಗೊಳಿಸುವ ಸೌಂದರ್ಯವೆಂಬ ಇಂದಿನ ಅರ್ಥವೂ ಕೂಡುವ ಸ್ಥಳ ಇದೇ ಎಂದು ನನ್ನ ನಂಬಿಕೆ. ನೋಡಿದವನಲ್ಲಿ ಆಗುವಿಕೆಯನ್ನು ಎಬ್ಬಿಸುವ ರೂಪವೇ ಭವ್ಯ. ಅದು ಐವತ್ತೆಂಟು ಅಡಿಯದಾಗಿರಬಹುದು, ಐದಡಿಯದೂ ಆಗಿರಬಹುದು. ನೋಡಿದವನನ್ನು ಇದ್ದಂತೆಯೇ ಬಿಟ್ಟುಕಳುಹಿಸುವುದು ಎಷ್ಟು ದೊಡ್ಡದಾದರೂ ಬರಿಯ ದೊಡ್ಡದು. ಇಂದು ಬೀದಿಬೀದಿಗಳಲ್ಲಿ ಭವ್ಯ ಮೆರವಣಿಗೆ, ಭವ್ಯ ಸ್ವಾಗತ, ಭವ್ಯ ಉದ್ಘಾಟನೆ ಎಂದು ಬಟ್ಟೆಯ ಮೇಲೆ ಬರೆದು ಕಟ್ಟುವುದನ್ನು ಕಾಣುತ್ತೇವೆ. ಅವುಗಳಲ್ಲಿ ಎಷ್ಟನ್ನು ನೋಡಿ ಬಂದು ನಾವು ಬೇರೆಯವರಾದೆವೆಂಬುದನ್ನು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬಹುದು.

ಈಗ ಆ ಪ್ರಬಂಧಕ್ಕೆ ಬರುತ್ತೇನೆ. ಬೀಳುತ್ತಿರುವ ಗೋಡೆ, ಮಳೆ, ಕತ್ತಲು. ಅದರ ನಡುವೆ ಕರುವನ್ನು ಹೊತ್ತು ಬರುವ ತಾಯಿ. ದಿನವೂ ಮುದ್ದೆ ತಿರುವುವ, ಗದರಿಸುವ ಅಮ್ಮನ ಒಳಗೆ ಇಂಥವಳೊಬ್ಬಳು ಇದ್ದಾಳೆಂಬುದನ್ನು ಮಗನು ಆ ರಾತ್ರಿ ಕಂಡನು. ಹೆದರಿಕೆಯೂ ಸಂತೋಷವೂ ಒಟ್ಟಿಗೆ ಆದುವೆಂದು ಬರೆದನು. ಪಾರ್ಥನಿಗೆ ಆದುದೂ ಅದೇ ಅಲ್ಲವೆ? ವ್ಯಾಕರಣದಿಂದ ನೋಡಿದರೂ, ಕೋಶದಿಂದ ನೋಡಿದರೂ, ಅಲಂಕಾರಶಾಸ್ತ್ರದಿಂದ ನೋಡಿದರೂ ಅವನ ಪ್ರಯೋಗವು ಸರಿ. ಆ ತರಗತಿಯಲ್ಲಿ ಭವ್ಯವನ್ನು ನಿಜವಾಗಿ ಕಂಡು ಬರೆದವನು ಅವನೊಬ್ಬನೇ. ತಪ್ಪೆಂದು ಗೀಟೆಳೆದವನ ತಪ್ಪು ಎರಡು: ಒಂದು ಮಾತಿನ ತಪ್ಪು, ಇನ್ನೊಂದು ಮಗುವಿನ ವಿಷಯದ ತಪ್ಪು. ಮೊದಲನೆಯದನ್ನು ಪುಸ್ತಕದಿಂದ ತಿದ್ದಿಕೊಂಡೆನು.

ನಾಮಕರಣದ ದಿನ ಹೋದೆನು. ತೊಟ್ಟಿಲಿಗೆ ಮಲ್ಲಿಗೆ ಸೇವಂತಿಗೆಗಳನ್ನು ಕಟ್ಟಿದ್ದರು. ಊಟಕ್ಕೆ ಮೊದಲು ಶಿಷ್ಯನನ್ನು ಪಕ್ಕಕ್ಕೆ ಕರೆದು, “ಅಪ್ಪಾ, ನಿನ್ನ ಪ್ರಬಂಧವೇ ಸರಿ, ನನ್ನ ಗೀಟೇ ತಪ್ಪು. ತಿದ್ದಿ ಹೋಗೋಣವೆಂದು ಬಂದೆನು” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಆ ನೋಟುಪುಸ್ತಕವನ್ನು ಆವತ್ತೇ ಹರಿದು ಒಲೆಗೆ ಹಾಕಿಬಿಟ್ಟೆ, ಮೇಷ್ಟ್ರೇ” ಎಂದನು. ಆಮೇಲೆ ನನ್ನ ಕೈ ಹಿಡಿದು ಎಲೆಯ ಮುಂದೆ ಕುಳ್ಳಿರಿಸಿದನು. ಅದಕ್ಕೆ ಹೇಳತಕ್ಕ ಮಾತು ಯಾವ ಕೋಶದಲ್ಲಿಯೂ ನನಗೆ ಸಿಕ್ಕಿಲ್ಲ.

ಊಟವಾದ ಮೇಲೆ ಆ ತಾಯಿಗೆ ಕೊಟ್ಟ ಮಾತನ್ನು ನಡೆಸಿದೆನು. “ಭವ್ಯ ಅಂದರೆ ಈಗಲೇ ದೊಡ್ಡದು ಅಂತ ಅಲ್ಲ, ತಾಯಿ. ಮುಂದೆ ಆಗಬೇಕಾದದ್ದು, ಆಗತಕ್ಕವಳು ಅಂತ. ಒಳ್ಳೆಯದಾಗಲಿ ಅನ್ನುವ ಹರಕೆಯೂ ಅದರಲ್ಲೇ ಇದೆ. ಹೊತ್ತುಕೊಳ್ಳುವ ಮಾತಲ್ಲ, ಕೂಸಿನ ಜತೆಗೇ ಬೆಳೆಯುವ ಮಾತು” ಎಂದೆನು. “ಹಂಗಾದ್ರೆ ಸರಿ ಬಿಡಿ, ಕೂಸಿಗೆ ಒಪ್ಪುತ್ತೆ” ಎಂದು ತೊಟ್ಟಿಲನ್ನು ತೂಗಿದರು. ಮಗನು ಹಿಂದೆ ಬರೆದಿದ್ದ ಪ್ರಬಂಧದ ಕಥೆಯನ್ನೂ ಹೇಳಿದೆನು. ಅದು ಅವರಿಗೆ ತಿಳಿದೇ ಇರಲಿಲ್ಲ. ಕೇಳಿ ನಾಚಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. “ಅಯ್ಯೋ, ಅದ್ರಲ್ಲಿ ಏನಿದೆ ಮೇಷ್ಟ್ರೇ! ಆ ಕರು ಆಮೇಲೆ ಆರು ಸೂಲು ಹಾಲು ಕೊಡ್ತು. ಇವನು ಅದ್ರ ಹಾಲು ಕುಡಿದೇ ಬೆಳೆದದ್ದು” ಎಂದರು.

ವಾಚಕರಲ್ಲಿ ಉಪಾಧ್ಯಾಯರಿದ್ದಾರೆ, ತಂದೆತಾಯಿಗಳಿದ್ದಾರೆ. ಮಕ್ಕಳ ಮಾತಿನಲ್ಲಿ ತಪ್ಪು ತೋರಿದರೆ ತಿದ್ದಬೇಡಿರೆಂದು ನಾನು ಹೇಳತಕ್ಕವನಲ್ಲ. ಆಯುಷ್ಯವೆಲ್ಲ ತಿದ್ದಿಯೇ ಜೀವನವನ್ನು ಸಾಗಿಸಿದವನು. ಗೀಟೆಳೆಯುವ ಮೊದಲು, ಮಗುವು ಏನನ್ನು ಕಂಡು ಆ ಮಾತನ್ನು ಆಡಿತೆಂದು ಒಂದು ಸಲ ಕೇಳಿರಿ. ಅಷ್ಟು ಹೊತ್ತು ಕೆಂಪು ಶಾಯಿಯು ಲೇಖನಿಯಲ್ಲಿ ಒಣಗಿಹೋಗುವುದಿಲ್ಲ.

‘ಉದಾತ್ತ’ದ ಕಥೆಯನ್ನು ಮುಂದಿನ ತಿಂಗಳು ಹೇಳುತ್ತೇನೆ.